ಇನ್ನೂರ ಹನ್ನೊಂದು ಅಂದರೆ ಏನು ಸಾರ್?

ಇಪ್ಪತ್ತಾರು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತು, ಬಾಟಲಿ, ಡಬ್ಬಿ, ಪೊಟ್ಟಣಗಳ ಮೇಲಿನ ಇರುವೆ ಗಾತ್ರದ ಅಕ್ಷರಗಳನ್ನು ಓದಿ ಓದಿ ಕಣ್ಣು ಸವೆಸಿಕೊಂಡ ಮನುಷ್ಯನಿಗೆ ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅವಮಾನವಾಯಿತು. ಮಾಲೀಕರು ಮಾಡಿದ್ದರೆ ನುಂಗಿಕೊಳ್ಳಬಹುದಿತ್ತು. ಹೆಂಡತಿ ಮಾಡಿದ್ದರೆ ಅಭ್ಯಾಸವಿತ್ತು. ಮಾಡಿದವನು ಮೆಷಿನ್ ಮೇಸ್ತ್ರಿ, ಅದೂ ಅವಮಾನ ಮಾಡುವ ಉದ್ದೇಶವೇ ಇಲ್ಲದೆ, ಕೈಯಲ್ಲಿ ಟೀ ಲೋಟ ಹಿಡಿದುಕೊಂಡು.

ಆ ಲೇಬಲ್ ಪ್ರೆಸ್ಸಿನಲ್ಲಿ ಈ ಮನುಷ್ಯನನ್ನು ಎಲ್ಲರೂ ಕರೆಯುವುದು ಭೂತಗನ್ನಡಿ ಎಂದು. ಅಂಗಿಯ ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ ಇರುತ್ತದೆ. (ಮದುವೆಯ ಫೋಟೋದಲ್ಲೂ ಇದೆ. ಫೋಟೋ ನೋಡಿದವರೆಲ್ಲ ಹೆಣ್ಣನ್ನು ಪರೀಕ್ಷೆ ಮಾಡೋಕೆ ತಂದಿದ್ರಾ ಎಂದು ಕೇಳಿ ಹೆಂಡತಿಯ ಹೊಟ್ಟೆ ಉರಿಸಿದ್ದಾರೆ.) ಅವರ ಕೆಲಸ ಕರಡು ತಿದ್ದುವುದು. ಕಂಪನಿಯವರು ಕಳಿಸಿದ ಕಾಗದ ಎಡಗಡೆ, ಪ್ರೆಸ್ಸಿನಲ್ಲಿ ಅಚ್ಚಾದ ಲೇಬಲ್ ಬಲಗಡೆ. ಎಡಗೈ ಬೆರಳು ಕಾಗದದ ಮೇಲೆ ನಡೆಯುತ್ತದೆ, ಬಲಗೈಯ ಕೆಂಪು ಪೆನ್ನು ಲೇಬಲ್ಲಿನ ಮೇಲೆ ನಡೆಯುತ್ತದೆ. ಎರಡೂ ತಾಳೆಯಾದರೆ ‘ಸರಿಯಿದೆ’ ಎಂದು ಮೊಹರು ಒತ್ತಿ ಸಹಿ. ಸಾಬೂನಾಗಲಿ, ಸಾಸಾಗಲಿ, ಇಲಿ ಪಾಷಾಣವಾಗಲಿ, ಎಡಗಡೆ ಇದ್ದದ್ದು ಬಲಗಡೆ ಇರಬೇಕು. ಅಷ್ಟಿದ್ದರೆ ಭೂತಗನ್ನಡಿಯವರಿಗೆ ಜಗತ್ತಿನ ಮೇಲೆ ಬೇರೆ ಯಾವ ತಕರಾರೂ ಇಲ್ಲ.

ಅವರ ಕೋಣೆಯ ಬಾಗಿಲ ಪಕ್ಕ ಒಂದು ಕಪ್ಪು ಹಲಗೆ ಇದೆ. ಮೇಲೆ ಬಿಳಿ ಬಣ್ಣದಲ್ಲಿ ‘ತಪ್ಪಿಲ್ಲದ ದಿನಗಳು’ ಎಂದು ಬರೆದಿದೆ. ಕೆಳಗಿನ ಸಂಖ್ಯೆಯನ್ನು ದಿನಾ ಬೆಳಿಗ್ಗೆ ಒರೆಸಿ, ಒಂದು ಕೂಡಿಸಿ, ಸೀಮೆಸುಣ್ಣದಲ್ಲಿ ಬರೆಯುವವರು ಅವರೇ. ಹಿಂದೊಮ್ಮೆ ಸಾಬೂನಿನ ಲೇಬಲ್ಲಿನಲ್ಲಿ ನೂರು ಗ್ರಾಂ ಅನ್ನುವುದು ನೂರು ಕಿಲೋ ಎಂದು ಅಚ್ಚಾಗಿ, ಊರಿನ ಅಂಗಡಿಗಳಲ್ಲೆಲ್ಲ ನಗೆಪಾಟಲಾದ ಮೇಲೆ ಮಾಲೀಕರು ಆ ಹಲಗೆ ಹಾಕಿಸಿದ್ದರು. ಅಲ್ಲಿಂದೀಚೆಗೆ ಒಂದೇ ಒಂದು ಲೇಬಲ್ ವಾಪಸ್ ಬಂದಿಲ್ಲ. ಆ ಸೋಮವಾರದ ಸಂಖ್ಯೆ ಮೂರು ಸಾವಿರದ ಇನ್ನೂರ ಹದಿನಾಲ್ಕು.

ಅದು ಬರೀ ಹೆಮ್ಮೆಯ ವಿಷಯವಾಗಿರಲಿಲ್ಲ. ಕರಡು ತಿದ್ದುವ ಸಾಫ್ಟ್‌ವೇರ್ ಒಂದನ್ನು ತರಿಸಿ, ಭೂತಗನ್ನಡಿಯವರ ಕುರ್ಚಿ ತೆಗೆಸಿ, ಆ ಜಾಗದಲ್ಲಿ ನೀರಿನ ಫಿಲ್ಟರ್ ಇಡಿಸಬೇಕೆಂದು ಮಾಲೀಕರ ಸೋದರಳಿಯ ಆರು ತಿಂಗಳಿಂದ ದುಂಬಾಲು ಬಿದ್ದಿದ್ದ. ಮಾಲೀಕರು ಒಂದೇ ಮಾತು ಹೇಳಿದ್ದರು: “ಆ ಹಲಗೆ ಮೇಲಿನ ನಂಬರ್ ಓಡೋವರೆಗೂ ಆ ಕುರ್ಚಿ ಅಲ್ಲೇ ಇರುತ್ತೆ.” ಭೂತಗನ್ನಡಿಯವರ ಹೊಟ್ಟೆಪಾಡು ಆ ಸೀಮೆಸುಣ್ಣದ ಸಂಖ್ಯೆಯ ಮೇಲೆ ನಿಂತಿತ್ತು.

ಈಗ ಸೋಮವಾರ ಹತ್ತೂವರೆ. ಕಿತ್ತಳೆ ಪಾನೀಯದ ಲೇಬಲ್ಲಿಗೆ ಮೊಹರು ಬಿದ್ದಿತ್ತು. ಅದನ್ನು ತೆಗೆದುಕೊಂಡು ಹೋಗಲು ಬಂದ ಮೇಸ್ತ್ರಿ ಬಾಗಿಲಲ್ಲೇ ನಿಂತ.

“ಸಾರ್, ಒಂದು ವಿಷ್ಯ. ಈ ಇನ್ನೂರ ಹನ್ನೊಂದು ಅಂದ್ರೆ ಏನು?”

“ಎಲ್ಲಿ?”

“ಇಲ್ಲಿ, ಕೆಳಗೆ. ‘ಸಂರಕ್ಷಕ 211’ ಅಂತಿದೆಯಲ್ಲ. ನಮ್ಮ ಮೊಮ್ಮಗಳಿಗೆ ಉಬ್ಬಸ. ಯಾವ್ದೋ ಕೆಲವು ನಂಬರ್ ಇರೋದನ್ನ ಕೊಡ್ಬೇಡಿ, ಲೇಬಲ್ ಓದಿ ಕೊಡಿ ಅಂದಿದಾರೆ ಡಾಕ್ಟ್ರು. ಅವ್ರು ಬರ್ಕೊಟ್ಟ ಚೀಟಿ ಕಳೆದೋಯ್ತು. ನೀವಿದೀರಲ್ಲ, ದಿನಾ ಓದೋರು.”

ಭೂತಗನ್ನಡಿಯವರು ಲೇಬಲ್ ನೋಡಿದರು. ಭೂತಗನ್ನಡಿಯಲ್ಲೂ ನೋಡಿದರು. “ಇನ್ನೂರ ಹನ್ನೊಂದು ಅಂದ್ರೆ... ಇನ್ನೂರ ಹನ್ನೊಂದೇ. ಕಂಪನಿಯೋರ ಕಾಗದದಲ್ಲೂ ಅಷ್ಟೇ ಇದೆ.”

“ಅದು ಸರಿ ಸಾರ್. ಹೊಟ್ಟೆ ಒಳಗೆ ಹೋದ್ಮೇಲೆ ಅದೇನು?”

ಹೊಟ್ಟೆಯೊಳಗೆ! ಲೇಬಲ್ ಅಂಟಿಸಿದ ಬಾಟಲಿಯ ಮುಚ್ಚಳ ತೆಗೆದು ಅದರಲ್ಲಿರುವುದನ್ನು ಜನ ಕುಡಿಯುತ್ತಾರೆ ಎನ್ನುವ ಸಂಗತಿ ಇಪ್ಪತ್ತಾರು ವರ್ಷದಲ್ಲಿ ಅವರ ತಲೆಗೆ ಬಂದಿರಲಿಲ್ಲ. ಅವರು ತಮ್ಮ ಕೈಯಿಂದ ಸಾವಿರಾರು ಸಲ ದಾಟಿಸಿದ ಸಂಖ್ಯೆ ಅದು. ಅದರ ಮೂರು ಅಂಕಿಗಳ ನಡುವಿನ ಅಂತರ ಎಷ್ಟಿರಬೇಕೆಂದು ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದರು. ಅದು ಏನೆಂದು ಮಾತ್ರ ಗೊತ್ತಿರಲಿಲ್ಲ. “ನಾಳೆ ಹೇಳ್ತೀನಿ” ಎಂದರು. ಮೇಸ್ತ್ರಿ “ಆಯ್ತು ಸಾರ್” ಎಂದು ಹೋದ. ಬೆನ್ನು ತಿರುಗಿಸುವ ಮುಂಚೆ ಅವನ ಮುಖದಲ್ಲಿ ಕನಿಕರ ಕಂಡಂತಾಗಿ ಅವರಿಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮೊಬೈಲಿನಲ್ಲಿ ಹುಡುಕಿದರು. ಸಂರಕ್ಷಕ ರಾಸಾಯನಿಕಗಳ ಬಗ್ಗೆ ಒಂದು ಉದ್ದನೆಯ ಲೇಖನ ಸಿಕ್ಕಿತು. ಆಹಾರ ಕೆಡದಂತೆ ಹಾಕುವ ವಸ್ತುಗಳು ಯಾವುವು, ಅವುಗಳಿಗೆ ಯಾವ ನಂಬರು, ಮಿತಿ ಮೀರಿದರೆ ಯಾವುದರಿಂದ ತುರಿಕೆ, ಯಾವುದರಿಂದ ಉಬ್ಬಸ, ಯಾವುದರಿಂದ ತಲೆನೋವು ಎಂದು ಒಂದೊಂದೇ ಬರುತ್ತಿತ್ತು. ಓದುತ್ತಾ ಓದುತ್ತಾ ಅವರಿಗೆ ಮೈ ತುರಿಸಿತು, ಉಸಿರು ಕಟ್ಟಿತು, ತಲೆಯೂ ನೋಯತೊಡಗಿತು. ಲೇಖನ ಅರ್ಧ ಮುಗಿದು, ಮುಂದಿನ ಪ್ಯಾರಾ ‘ಆದರೆ’ ಎಂದು ಶುರುವಾಗುವ ಹೊತ್ತಿಗೆ ಸ್ಟಾಪ್ ಬಂತು. ಭೂತಗನ್ನಡಿಯವರು ಮೊಬೈಲ್ ಜೇಬಿಗೆ ಹಾಕಿ ಇಳಿದುಬಿಟ್ಟರು. ಮನೆಮಂದಿಯ ಮುಂದಿನ ಒಂದು ತಿಂಗಳ ಗ್ರಹಚಾರಕ್ಕೆಲ್ಲ ಪರಿಹಾರ ಆ ‘ಆದರೆ’ಯ ಆಚೆಯೇ ಉಳಿಯಿತು.

ಮನೆಗೆ ಬಂದವರು ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ನುಗ್ಗಿದರು. ಹೆಂಡತಿ ಆಗಷ್ಟೇ ಕೆಲಸದಿಂದ ಬಂದು ಕಾಫಿಗೆ ನೀರಿಟ್ಟಿದ್ದಳು. ಆಕೆ ಊರಿಗೆ ನೀರು ಬಿಡುವ ಇಲಾಖೆಯ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುವವಳು. ಹಾಗಾಗಿ ಮನೆಯಲ್ಲೂ ಉಪ್ಪನ್ನು ಚಮಚದ ತಲೆ ಸವರಿ ಹಾಕುತ್ತಾಳೆ, ಹಾಕಿದ್ದನ್ನು ಚೀಟಿಯಲ್ಲಿ ಬರೆದಿಡುತ್ತಾಳೆ.

“ಇವತ್ತಿಂದ ಈ ಮನೆಯಲ್ಲಿ ನಂಬರ್ ಇರೋ ಒಂದು ಪದಾರ್ಥವೂ ಇರಕೂಡದು!” ಎಂದು ಯಜಮಾನರು ಘೋಷಿಸಿ ಭೂತಗನ್ನಡಿ ಹೊರತೆಗೆದರು.

ಮಹಾತಪಾಸಣೆ ಆರಂಭವಾಯಿತು. ಸಾಸಿನ ಬಾಟಲಿ ಹೊರಗೆ. ಜಾಮ್ ಹೊರಗೆ. ಬ್ರೆಡ್ ಪೊಟ್ಟಣ ಹೊರಗೆ. ಉಪ್ಪಿನಕಾಯಿಯ ಜಾಡಿಯ ಮೇಲೆ ಬೆವರುವಷ್ಟು ಹೊತ್ತು ಲೇಬಲ್ ಹುಡುಕಿ, ಅದು ಅಮ್ಮನ ಕೈಯಲ್ಲೇ ಹಾಕಿದ್ದೆಂದು ನೆನಪಾಗಿ ವಾಪಸ್ ಇಟ್ಟರು.

“ಇದೇನಿದು? ಇನ್ನೂರ ಅರವತ್ತು! ನಡಿ ಹೊರಗೆ.”

“ರೀ, ಅದು ವಿನೆಗರ್. ಹುಳಿ ಅಷ್ಟೇ.”

“ನಂಬರ್ ಇದೆ. ಇದು? ಮುನ್ನೂರು! ಇನ್ನೂರಕ್ಕೇ ಈ ಗತಿ ಅಂದ್ಮೇಲೆ ಮುನ್ನೂರು ಎಷ್ಟು ಅಪಾಯ!”

“ಮುನ್ನೂರು ಅಂದ್ರೆ ವಿಟಮಿನ್ ಸಿ. ಹೋದ ತಿಂಗಳು ನಿಮಗೆ ಶೀತ ಆದಾಗ ಡಾಕ್ಟ್ರು ಬರ್ಕೊಟ್ಟ ಮಾತ್ರೇಲಿ ಇದ್ದಿದ್ದೂ ಅದೇ.”

“ಅದಕ್ಕೇ ಶೀತ ಹದಿನೈದು ದಿನ ಎಳೀತು.”

ಹೆಂಡತಿ ಒಲೆ ಸಣ್ಣ ಮಾಡಿ, ಸೊಂಟದ ಮೇಲೆ ಕೈ ಇಟ್ಟಳು. “ರಾಸಾಯನಿಕ ಬೇಡ ಅಂತೀರಲ್ಲ, ನಲ್ಲೀಲಿ ಬರೋ ನೀರಿಗೆ ಕ್ಲೋರಿನ್ ಹಾಕ್ತೀವಿ, ಗೊತ್ತಾ? ಎಷ್ಟಿದೆ ಅಂತ ಅಳೆದು ಬಿಡೋಳು ನಾನು. ಇಪ್ಪತ್ತೆರಡು ವರ್ಷದಿಂದ ನಾನು ಅಳೆದ ರಾಸಾಯನಿಕ ಕುಡಿದೇ ನೀವು ನನ್ನ ಜೊತೆ ಜಗಳ ಆಡೋಷ್ಟು ಗಟ್ಟಿಯಾಗಿದೀರಿ. ಎಲ್ಲಾ ಇರೋದು ಅಳತೇಲಿ ರೀ.”

“ನೀರಿಗೆ ಲೇಬಲ್ ಇಲ್ಲ. ಲೇಬಲ್ ಇಲ್ಲದ್ದು ನನ್ನ ವ್ಯಾಪ್ತಿಗೆ ಬರಲ್ಲ” ಎಂದು ಹೇಳಿ ಅವರು ಫ್ರಿಜ್ಜಿನ ಬಾಗಿಲು ತೆಗೆದರು. ಅಲ್ಲಿ ಅಮ್ಮನ ಕಿತ್ತಳೆ ಶರಬತ್ತಿನ ಬಾಟಲಿ ಇತ್ತು.

ಭೂತಗನ್ನಡಿಯವರ ತಾಯಿಗೆ ಎಂಬತ್ತೆರಡು ವರ್ಷ. ಅವರ ದಿನದಲ್ಲಿ ಸುಖ ಅನ್ನುವುದು ಒಂದೇ: ಸಂಜೆ ನಾಲ್ಕು ಗಂಟೆಗೆ ಒಂದು ಲೋಟ ತಣ್ಣನೆ ಕಿತ್ತಳೆ ಶರಬತ್ತು. ಅದು ನಾಲ್ಕೂ ಐದಕ್ಕೆ ಬಂದರೆ ಐದು ನಿಮಿಷ ಮೌನವ್ರತ. ಮಗ ಬಾಟಲಿಯ ಕತ್ತು ಹಿಡಿದು ಹೋಗುತ್ತಿರುವುದನ್ನು ಕುರ್ಚಿಯಿಂದಲೇ ಕಂಡರು.

“ಏ, ಅದನ್ನ ಎಲ್ಲಿಗೆ ತಗೊಂಡು ಹೋಗ್ತಿದೀಯೋ?”

“ಇದ್ರಲ್ಲಿ ಇನ್ನೂರ ಹನ್ನೊಂದಿದೆ ಅಮ್ಮ. ಕೆಡದ ಹಾಗೆ ಹಾಕೋ ರಾಸಾಯನಿಕ.”

“ಕೆಡದ ಹಾಗೆ ಹಾಕ್ತಾರೆ ಅಂದ್ಮೇಲೆ ಈ ಮನೇಲಿ ಅದು ಬೇಕಾಗಿರೋದು ನನಗೇ ಅಲ್ವೇನೋ? ಇಡು ಅಲ್ಲಿ!”

ಅವರು ಇಡಲಿಲ್ಲ. ಅಮ್ಮ ಮೂರು ದಿನ ಮಾತಾಡಲಿಲ್ಲ.

ಆಮೇಲಿನ ಎರಡು ವಾರ ಮನೆಯಲ್ಲಿ ಶುದ್ಧತೆ ತಾಂಡವವಾಡಿತು. ‘ಏನೂ ಹಾಕಿಲ್ಲ’ ಎಂದು ಬೇಕರಿಯವನಿಂದ ಆಣೆ ಮಾಡಿಸಿ ತಂದ ಬ್ರೆಡ್ಡಿಗೆ ಮೂರನೇ ದಿನ ಹಸಿರು ಬೂಷ್ಟು ಬಂತು. ಮೇಲಿನ ಎರಡು ತುಂಡು ಬಿಸಾಕಿದರೆ ಸಾಕೆಂದು ಯಜಮಾನರು ವಾದಿಸಿದರು. ಬೂಷ್ಟಿನ ಬೇರು ಕಣ್ಣಿಗೆ ಕಾಣುವುದಿಲ್ಲ, ಅದೂ ವಿಷವೇ ಎಂದು ಹೆಂಡತಿ ಪೂರ್ತಿ ಬ್ರೆಡ್ಡನ್ನು ಕಸಕ್ಕೆ ಹಾಕಿದಳು. ಅಮ್ಮನನ್ನು ಒಲಿಸಿಕೊಳ್ಳಲು ಭಾನುವಾರ ಪೂರ್ತಿ ಕಿತ್ತಳೆ ಹಿಂಡಿ ಅವರೇ ಮಾಡಿದ ಶರಬತ್ತು ಐದನೇ ದಿನಕ್ಕೆ ನೊರೆ ಕಟ್ಟಿ, ಮುಚ್ಚಳ ಹಾರಿಸಿ, ಅಡುಗೆಮನೆಯ ಟ್ಯೂಬ್‌ಲೈಟಿಗೆ ಅಭಿಷೇಕ ಮಾಡಿತು. ಅದಕ್ಕೆ ಮುಂಚೆ ಅಮ್ಮ ಎರಡು ಲೋಟ ಕುಡಿದಿದ್ದರು. ಬಹಳ ಚೆನ್ನಾಗಿದೆ ಎಂದು ಮಗನನ್ನು ಮೊದಲ ಸಲ ಹೊಗಳಿ, ಸೊಸೆಗೆ ತಮ್ಮ ಬಾಲ್ಯದ ಹಾಡೊಂದನ್ನು ಹೇಳಿಕೊಟ್ಟು, ಕೂತಲ್ಲೇ ಗೊರಕೆ ಹೊಡೆದರು. ಉಳಿದದ್ದನ್ನು ಸೊಸೆ ಬಚ್ಚಲಿಗೆ ಸುರಿದಳು. ಎದ್ದ ಮೇಲೆ ಅಮ್ಮ ಅದೇ ಶರಬತ್ತನ್ನು ಮತ್ತೆ ಕೇಳಿದರು. ಅದಕ್ಕಾಗಿ ಮತ್ತೆರಡು ದಿನ ಮಾತು ಬಂದ್.

ಇಷ್ಟಾದರೂ ಯಜಮಾನರಿಗೆ ಬುದ್ಧಿ ಬರಲಿಲ್ಲ. ಅದರ ಬದಲು ಒಂದು ಐಡಿಯಾ ಬಂತು.

ಪ್ರೆಸ್ಸಿಗೆ ಆ ತಿಂಗಳು ಮೂವತ್ತು ವರ್ಷ ತುಂಬುವುದಿತ್ತು. ಲೇಬಲ್ ಅಚ್ಚು ಹಾಕಿಸುವ ಕಂಪನಿಯವರನ್ನೆಲ್ಲ ಕರೆದು ಸಣ್ಣದೊಂದು ಸಮಾರಂಭ. ಬಂದವರಿಗೆ ಏನು ಕೊಡೋಣ ಎಂದು ಮಾಲೀಕರು ಯೋಚಿಸುತ್ತಿದ್ದಾಗ ಭೂತಗನ್ನಡಿಯವರು ಎದ್ದು ನಿಂತರು. “ಜಾಮ್ ಕೊಡೋಣ ಸಾರ್. ನಮ್ಮನೇಲೇ ಮಾಡಿದ್ದು. ಒಂದು ಚೂರೂ ರಾಸಾಯನಿಕ ಇಲ್ಲದ್ದು. ಲೇಬಲ್ ನಮ್ಮ ಪ್ರೆಸ್ಸಿಂದೇ, ಕರಡು ನಾನೇ ನೋಡ್ತೀನಿ. ಹಲಗೆ ಮೇಲಿನ ನಂಬರ್ ಜೊತೆಗೆ ಅದನ್ನೂ ಎಲ್ರಿಗೂ ತೋರ್ಸೋಣ.” ಮಾಲೀಕರಿಗೆ ಹಿಡಿಸಿತು. ಸೋದರಳಿಯ ಮೂಗು ಮುರಿದ. ಅದನ್ನು ನೋಡಿ ಭೂತಗನ್ನಡಿಯವರಿಗೆ ಹುರುಪು ಇಮ್ಮಡಿಯಾಯಿತು.

ಸಮಾರಂಭಕ್ಕೆ ಇನ್ನೂ ಹದಿನೈದು ದಿನವಿದ್ದಾಗ, ಒಂದು ಭಾನುವಾರ, ಅನಾನಸ್ ಜಾಮಿನ ಯಜ್ಞ ಶುರುವಾಯಿತು. ನಲವತ್ತು ಪುಟ್ಟ ಬಾಟಲಿಗಳಿಗಾಗುವಷ್ಟು ಹಣ್ಣು ಹೆಚ್ಚಿ, ದೊಡ್ಡ ಪಾತ್ರೆ ಒಲೆಯ ಮೇಲೇರಿತು. ಸಕ್ಕರೆಯೂ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಇನ್ನೆಲ್ಲೋ ಓದಿದ್ದ ಯಜಮಾನರು ಹಾಕಬೇಕಾದ ಅಳತೆಯ ಅರ್ಧದಷ್ಟೇ ಹಾಕಲು ಹೇಳಿದರು.

“ರೀ, ಜಾಮಿನಲ್ಲಿ ಸಕ್ಕರೆ ಇರೋದು ಬರೀ ಸಿಹಿಗಲ್ಲ. ಅದು ಕೆಡದ ಹಾಗೆ ಕಾಯೋದೂ ಅದೇ. ಅರ್ಧ ಮಾಡಿದ್ರೆ ಹತ್ತು ದಿನಕ್ಕೆ ಬೂಷ್ಟು ಹಿಡಿಯುತ್ತೆ. ಕಂಪನಿಯೋರಿಗೆಲ್ಲ ಬೂಷ್ಟು ಹಂಚ್ತೀರಾ?”

“ಹಣ್ಣು ಶುದ್ಧವಾಗಿದ್ರೆ ಯಾಕೆ ಕೆಡುತ್ತೆ?”

“ಶುದ್ಧವಾಗಿರೋ ಹಣ್ಣು ಕೆಟ್ಟೇ ಕೆಡುತ್ತೆ! ಸರಿ, ಸಕ್ಕರೆ ಅರ್ಧಾನೇ ಇರ್ಲಿ. ನಾನೊಂದು ಉಪಾಯ ಮಾಡ್ತೀನಿ. ಏನೇನು ಎಷ್ಟೆಷ್ಟು ಅಂತ ಚೀಟೀಲಿ ಬರ್ದು ಕೊಡ್ತೀನಿ. ಓದಿ, ಒಪ್ಪಿಗೆ ಇದ್ರೆ ಸಹಿ ಹಾಕಿ. ಆಮೇಲೆ ನನ್ನ ಮೇಲೆ ತಪ್ಪು ಹೊರಿಸೋ ಹಾಗಿಲ್ಲ.”

ಯಜಮಾನರು ಊಟದ ಮೇಜಿನ ಮೇಲೆ ಲೇಬಲ್ಲಿನ ಒಕ್ಕಣೆ ಬರೆಯುವುದರಲ್ಲಿ ಮುಳುಗಿದ್ದರು. ‘ಪದಾರ್ಥಗಳು: ಅನಾನಸ್, ಸಕ್ಕರೆ, ನಿಂಬೆರಸ. ಸಂರಕ್ಷಕ ರಾಸಾಯನಿಕಗಳು ಇಲ್ಲವೇ ಇಲ್ಲ.’ ‘ಇಲ್ಲವೇ ಇಲ್ಲ’ ಅನ್ನುವುದು ದಪ್ಪ ಅಕ್ಷರದಲ್ಲಿರಬೇಕೋ, ಕೆಂಪು ಅಕ್ಷರದಲ್ಲಿರಬೇಕೋ ಎಂಬ ಗಹನ ಚಿಂತನೆ ನಡೆದಿತ್ತು. ಹೆಂಡತಿ ತಂದಿಟ್ಟ ಚೀಟಿಯಲ್ಲಿ ನಾಲ್ಕು ಸಾಲಿತ್ತು. ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದು ಮೇಲಿಂದ ಕೆಳಗೆ ನಡೆಸಿದರು. ಮೊದಲ ಸಾಲಿಗೆ ಟಿಕ್. ಎರಡಕ್ಕೆ ಟಿಕ್. ಮೂರಕ್ಕೆ ಟಿಕ್. ನಾಲ್ಕನೇ ಸಾಲಿನ ಕೊನೆಯಲ್ಲಿ ಬರೀ 1.5 ಎಂದಿತ್ತು, ಅಳತೆ ಬರೆದಿರಲಿಲ್ಲ. “ಒಂದೂವರೆ ಏನು? ಗ್ರಾಮಾ, ಕಿಲೋನಾ? ಇಂಥದ್ದರಿಂದಲೇ ಸಾಬೂನಿಗೆ ಆ ಗತಿ ಬಂದದ್ದು” ಎಂದು ಗೊಣಗಿದರು.

“ಗ್ರಾಂ” ಎಂದಳು ಹೆಂಡತಿ.

ಅವರು ‘ಗ್ರಾಂ’ ಎಂದು ಮುತ್ತಿನಂಥ ಅಕ್ಷರದಲ್ಲಿ ಸೇರಿಸಿ, ಕೆಳಗೆ ‘ಸರಿಯಿದೆ’ ಎಂದು ಬರೆದು, ಸಹಿ ಹಾಕಿ, ತಾರೀಖನ್ನೂ ನಮೂದಿಸಿ ಚೀಟಿ ವಾಪಸ್ ಕೊಟ್ಟರು. ಹೆಂಡತಿ ಒಂದು ಕ್ಷಣ ಅವರ ಮುಖವನ್ನೇ ನೋಡಿದಳು. ಆಮೇಲೆ ಬಹಳ ಮೃದುವಾಗಿ, “ಕಾಫಿ ಕೊಡ್ಲಾ?” ಎಂದು ಕೇಳಿದಳು. ಭಾನುವಾರ ಮಧ್ಯಾಹ್ನ ಮೂರಕ್ಕೆ ಕೇಳದೆ ಕಾಫಿ! ತಮ್ಮ ಚಳವಳಿಗೆ ಆಕೆಯ ಮನಸ್ಸು ಕರಗಿತೆಂದು ಯಜಮಾನರು ತಿಳಿದರು. ಹಣ್ಣು ಕುದ್ದು ಹದಕ್ಕೆ ಬಂದಾಗ ಅವರು ಬೆನ್ನು ತಿರುಗಿಸಿ ಬಾಟಲಿ ಒರೆಸುತ್ತಿದ್ದರು.

ಮರುದಿನ ಬಾಟಲಿಗಳು ಪ್ರೆಸ್ಸಿಗೆ ಹೋದವು. ಲೇಬಲ್ಲಿನ ಕರಡನ್ನು ಭೂತಗನ್ನಡಿಯವರು ಒಂದಲ್ಲ, ಮೂರು ಸಲ ಓದಿದರು. ಎಡಗಡೆ ತಾವೇ ಬರೆದ ಕಾಗದ, ಬಲಗಡೆ ಲೇಬಲ್. ಒಂದು ಚುಕ್ಕಿಯೂ ಆಚೀಚೆ ಇರಲಿಲ್ಲ. ಮೊಹರು ಬಿತ್ತು. ಮೇಸ್ತ್ರಿ ಅಚ್ಚು ಹಾಕಿ, ತಾನೇ ಕೂತು ಅಂಟಿಸಿದ. “ಇದಾದ್ರೆ ನಮ್ಮ ಮೊಮ್ಮಗಳಿಗೆ ಧೈರ್ಯವಾಗಿ ಕೊಡಬಹುದು ಅಲ್ವಾ ಸಾರ್?” ಎಂದು ಕೇಳಿದ. “ಕಣ್ಣು ಮುಚ್ಕೊಂಡು ಕೊಡು” ಎಂದರು ಭೂತಗನ್ನಡಿಯವರು.

ಸಮಾರಂಭ ಭರ್ಜರಿಯಾಗಿ ನಡೆಯಿತು. ಬಂದವರಲ್ಲಿ ದೊಡ್ಡ ಜಾಮ್ ಕಾರ್ಖಾನೆಯೊಂದರ ಯಜಮಾನರೂ ಇದ್ದರು. ಬಾಟಲಿ ತೆಗೆದು, ಮೂಸಿ, ಚಮಚದಲ್ಲಿ ನೆಕ್ಕಿ, ಬೆಳಕಿಗೆ ಹಿಡಿದು ನೋಡಿದರು. “ಮಾಡಿ ಎಷ್ಟು ದಿನ ಆಯ್ತು?”

“ಹದಿನೈದು ದಿನ ಸಾರ್.”

“ಸಕ್ಕರೆ ಇಷ್ಟು ಕಡಿಮೆ. ಫ್ರಿಜ್ಜಲ್ಲೂ ಇಟ್ಟಿಲ್ಲ. ಏನೂ ಹಾಕಿಲ್ಲ ಅಂತ ಬೇರೆ ಹೇಳ್ತೀರಿ. ಒಂದು ಗುಳ್ಳೆ ಕೂಡ ಎದ್ದಿಲ್ಲವಲ್ರೀ! ಇದು ನಮ್ಮ ಕೈಲಿ ಮೂವತ್ತು ವರ್ಷದಿಂದ ಆಗಿಲ್ಲ. ಗುಟ್ಟೇನು?”

“ಶುದ್ಧತೆ ಸಾರ್” ಎಂದರು ಭೂತಗನ್ನಡಿಯವರು, ಕಣ್ಣು ಅರ್ಧ ಮುಚ್ಚಿ. ಚಪ್ಪಾಳೆ ಬಿತ್ತು. ಹಲಗೆಯ ಮೇಲೆ ಮೂರು ಸಾವಿರದ ಇನ್ನೂರ ನಲವತ್ತೊಂಬತ್ತು ಎಂದಿತ್ತು. ಎಲ್ಲರೂ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಸೋದರಳಿಯ ಮಾತ್ರ ಫೋಟೋದಲ್ಲಿ ಇರಲಿಲ್ಲ.

ಸಂಜೆ ಆರಕ್ಕೆ ಮನೆಗೆ ಬಂದವರ ಕಾಲು ನೆಲದ ಮೇಲಿರಲಿಲ್ಲ. ಉಳಿದ ಒಂದು ಬಾಟಲಿಯನ್ನು ಅಮ್ಮನ ಮುಂದಿಟ್ಟು, ಕಾರ್ಖಾನೆಯ ಯಜಮಾನರ ಮಾತನ್ನು ಚಾಚೂ ತಪ್ಪದೆ ಒಪ್ಪಿಸಿದರು. ಅಮ್ಮ ಬಾಟಲಿಯನ್ನು ಕೈ ನೀಡಿದಷ್ಟು ದೂರ ಹಿಡಿದು ಲೇಬಲ್ ಓದಿದರು. ಅವರು ಓದುವುದು ನಿಧಾನ, ಆದರೆ ಓದಿದ್ದನ್ನು ಅರ್ಥ ಮಾಡಿಕೊಳ್ಳುವ ಹಳೇ ಚಾಳಿ.

“ಇದೇನೋ ಇದು? ‘ಇಲ್ಲವೇ ಇಲ್ಲ’ ಅಂತ ಬರ್ದಿದೀಯ? ಸೊಸೆ ಹಾಕಿದ್ಲಲ್ಲ, ಬಿಳೀ ಪುಡಿ. ನಾನೇ ನೋಡ್ದೆ.”

“ನಿಂಗೆ ಸಕ್ಕರೆ ಹಾಗೆ ಕಂಡಿರಬೇಕು ಅಮ್ಮ.”

“ಸಕ್ಕರೆನ ಯಾರಾದ್ರೂ ಉಗುರಿನಷ್ಟು ತೂಕ ಮಾಡಿ ಹಾಕ್ತಾರೇನೋ?”

ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದ ಹೆಂಡತಿ ಬಾಟಲಿ ತೆಗೆದುಕೊಂಡಳು. ಲೇಬಲ್ ಆಕೆ ನೋಡಿದ್ದು ಆಗಲೇ ಮೊದಲು. ಓದುತ್ತಾ ಹೋದಂತೆ ಹುಬ್ಬು ಮೇಲೇರಿತು. ಒಳಗೆ ಹೋಗಿ, ಕಡತದಿಂದ ಚೀಟಿ ತಂದು ಮೇಜಿನ ಮೇಲಿಟ್ಟಳು.

ಭೂತಗನ್ನಡಿಯವರು ಓದಿದರು. ಅನಾನಸ್ ಆರು ಕಿಲೋ, ಟಿಕ್. ಸಕ್ಕರೆ ಮೂರು ಕಿಲೋ, ಟಿಕ್. ಎಂಟು ನಿಂಬೆಹಣ್ಣಿನ ರಸ, ಟಿಕ್. ಸೋಡಿಯಂ ಬೆಂಜೋಯೇಟ್ (ನಂ. 211) 1.5, ಅದರ ಮುಂದೆ ಕೆಂಪು ಶಾಯಿಯಲ್ಲಿ, ಅವರದೇ ಮುತ್ತಿನಂಥ ಅಕ್ಷರದಲ್ಲಿ, ‘ಗ್ರಾಂ’. ಕೆಳಗೆ ‘ಸರಿಯಿದೆ’. ಸಹಿ. ತಾರೀಖು.

“ನೀನು ನನಗೆ ಹೇಳ್ಲಿಲ್ಲ!”

“ಬರ್ದು ಕೊಟ್ಟೆ! ನಂಬರ್ ಸಮೇತ! ನೀವು ಓದಿದ್ರಿ, ತಿದ್ದಿದ್ರಿ, ಸಹಿ ಹಾಕಿದ್ರಿ. ಸದ್ಯ, ಬುದ್ಧಿ ಬಂತು, ಬಾಯಿಬಿಟ್ಟು ಹೇಳೋಕೆ ನಾಚ್ಕೊಳ್ತಿದಾರೆ ಅಂದ್ಕೊಂಡೆ. ಮರ್ಯಾದೆ ಉಳಿಸೋಣ ಅಂತ ಕಾಫಿ ಮಾಡ್ಕೊಟ್ಟೆ.”

ಯಜಮಾನರು ಭೂತಗನ್ನಡಿ ಹಿಡಿದು ಚೀಟಿಯನ್ನು ಇನ್ನೊಮ್ಮೆ ಓದಿದರು. ಹೆಂಡತಿಗೆ ಈಗ ನಗು ಬಂತು, ಅದರ ಹಿಂದೆಯೇ ಪಾಪ ಅನ್ನಿಸಿತು. ಪಕ್ಕದಲ್ಲಿ ಕೂತು, ಅವರದೇ ಮೊಬೈಲ್ ತೆಗೆದು, ಆ ಲೇಖನವನ್ನು ಹುಡುಕಿ, ‘ಆದರೆ’ಯಿಂದ ಮುಂದಕ್ಕೆ ಓದಿ ಹೇಳಿದಳು. ಆದರೆ, ಇವನ್ನು ನಿಗದಿಯಾದ ಮಿತಿಯೊಳಗೆ ಬಳಸಿದರೆ ಹೆಚ್ಚಿನವರಿಗೆ ತೊಂದರೆಯಿಲ್ಲ. ಆದರೆ, ಕೆಲವರಿಗೆ ಕೆಲವು ಒಗ್ಗುವುದಿಲ್ಲ, ಉಬ್ಬಸವಿರುವವರು ಅದರಲ್ಲೂ ಸಲ್ಫೈಟಿನ ಬಗ್ಗೆ ಎಚ್ಚರವಾಗಿರಬೇಕು. ಅದಕ್ಕೇ ಲೇಬಲ್ಲಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು.

“ಮೇಸ್ತ್ರಿ ಮೊಮ್ಮಗಳು!” ಎಂದು ಯಜಮಾನರು ಕೂಗಿದರು.

“ಇದು ಸಲ್ಫೈಟ್ ಅಲ್ಲ. ಬೇಕರಿ ಸಾಮಾನಿನ ಅಂಗಡಿಯಿಂದ ತಂದಿದ್ದು, ಮಿತಿ ಒಳಗೇ ಹಾಕಿದೀನಿ. ಆದ್ರೂ ಕೆಲವರಿಗೆ ಇದೂ ಆಗಲ್ಲ. ಫೋನ್ ಮಾಡಿ ಕೇಳಿ.”

ಅವರು ಕೂತಲ್ಲೇ ಫೋನ್ ಮಾಡಿದರು. “ಅವ್ಳು ಮುಟ್ಟೂ ಇಲ್ಲ ಸಾರ್, ಅನಾನಸ್ ಅಂದ್ರೆ ಆಗಲ್ಲ ಅವ್ಳಿಗೆ” ಎಂದ ಮೇಸ್ತ್ರಿ. “ನಾನೇ ಬ್ರೆಡ್ಡಿಗೆ ಹಚ್ಕೊಂಡು ಮುಗಿಸ್ದೆ. ಯಾಕೆ ಸಾರ್?” ಭೂತಗನ್ನಡಿಯವರಿಗೆ ಹೋದ ಜೀವ ಬಂತು. ಬಂದ ಜೀವಕ್ಕೆ ತಕ್ಷಣವೇ ಹಲಗೆ ನೆನಪಾಯಿತು.

ಯಾರಿಗೂ ಗೊತ್ತಿಲ್ಲ. ಚೀಟಿ ಹರಿದುಹಾಕಿದರೆ ಮುಗಿಯಿತು. ನಾಳೆ ಬೆಳಿಗ್ಗೆ ಮೂರು ಸಾವಿರದ ಇನ್ನೂರ ಐವತ್ತು ಬರೆಯಬಹುದು, ಕುರ್ಚಿಯಲ್ಲಿ ಕೂರಬಹುದು. ಅವರು ಚೀಟಿಯನ್ನು ಕೈಗೆತ್ತಿಕೊಂಡರು. ಹೆಂಡತಿ ನೋಡುತ್ತಿದ್ದಳು. ಮೂವತ್ತೊಂಬತ್ತು ಬಾಟಲಿ ಮೂವತ್ತೊಂಬತ್ತು ಮನೆಗಳಲ್ಲಿ ‘ಇಲ್ಲವೇ ಇಲ್ಲ’ ಎಂದು ದಪ್ಪ ಅಕ್ಷರದಲ್ಲಿ ಸುಳ್ಳು ಹೇಳಿಕೊಂಡು ಕೂತಿವೆ. ಅದನ್ನು ನಂಬಿ ಯಾರು ಯಾರಿಗೆ ಕಣ್ಣು ಮುಚ್ಚಿಕೊಂಡು ಕೊಡುತ್ತಾರೋ. ಭೂತಗನ್ನಡಿಯವರು ಹರಿಯಲಿಲ್ಲ. ಚೀಟಿಯನ್ನು ಮಡಚಿ, ಭೂತಗನ್ನಡಿಯ ಜೊತೆ ಜೇಬಿಗೆ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಮಾಲೀಕರ ಮೇಜಿನ ಮೇಲೆ ಚೀಟಿಯನ್ನೂ ಲೇಬಲ್ಲನ್ನೂ ಅಕ್ಕಪಕ್ಕ ಇಟ್ಟರು. “ಎಡಗಡೆ ಇದ್ದದ್ದು ಬಲಗಡೆ ಇಲ್ಲ ಸಾರ್” ಎಂದರು. ಮಾಲೀಕರು ಎರಡನ್ನೂ ಓದಿ, ಇಂಟರ್‌ಕಾಮಿನಲ್ಲಿ ಸೋದರಳಿಯನನ್ನು ಕರೆದರು.

“ನಿನ್ನ ಸಾಫ್ಟ್‌ವೇರ್ ಪರೀಕ್ಷೆಗೆ ಅಂತ ಕೊಟ್ಟಿದಾರಲ್ಲ, ಇದನ್ನೆಲ್ಲ ಹಾಕಿ ನೋಡು. ಚೀಟೀನೂ ಹಾಕು.”

ಸೋದರಳಿಯ ಹತ್ತು ನಿಮಿಷದಲ್ಲಿ ನಗುತ್ತಾ ಬಂದ. “ನೋಡಿದೆ ಮಾವ. ಲೇಬಲ್ ಇವ್ರು ಬರ್ದ ಒಕ್ಕಣೆ ಜೊತೆ ನೂರಕ್ಕೆ ನೂರು ತಾಳೆ ಆಯ್ತು. ಚೀಟೀಲೂ ಒಂದು ಅಕ್ಷರ ತಪ್ಪಿಲ್ಲ ಅಂತು. ಹಸಿರು ದೀಪ.” ಎಂಥ ತಪ್ಪನ್ನು ತನ್ನ ಯಂತ್ರ ಸರಿ ಅಂದಿದೆ ಎನ್ನುವುದು ಅವನಿಗೆ ಮಾಲೀಕರ ಮುಖ ನೋಡಿದ ಮೇಲೆ ಗೊತ್ತಾಯಿತು.

“ಅದೂ ಇವ್ರ ಹಾಗೇ” ಎಂದರು ಮಾಲೀಕರು ನಿಟ್ಟುಸಿರು ಬಿಟ್ಟು. “ಅಕ್ಷರ ಓದುತ್ತೆ, ಏನು ಬರ್ದಿದೆ ಅಂತ ಓದಲ್ಲ. ಮತ್ತೆ ಅದನ್ಯಾಕೆ ತರೋದು? ಇವ್ರಾದ್ರೆ ತಪ್ಪು ಮಾಡಿದ್ಮೇಲೆ ಬಂದು ಹೇಳ್ತಾರೆ.” ಆಮೇಲೆ ಭೂತಗನ್ನಡಿಯವರ ಕಡೆ ತಿರುಗಿದರು. “ಎಲ್ರಿಗೂ ಈಗ್ಲೇ ಫೋನ್ ಮಾಡಿ. ಒಪ್ಪೋಲೆ ಅಚ್ಚು ಹಾಕ್ಸಿ ಒಬ್ಬೊಬ್ರಿಗೂ ಕಳ್ಸಿ, ತಪ್ಪು ಏನು, ಸರಿ ಏನು ಅಂತ. ಕುರ್ಚಿ ಅಲ್ಲೇ ಇರ್ಲಿ. ಹಲಗೆ ಮೇಲೆ ಏನು ಬರೀಬೇಕು ಅಂತ ನಾನು ಹೇಳ್ಬೇಕಾಗಿಲ್ಲ.”

ಹೇಳಬೇಕಾಗಿರಲಿಲ್ಲ. ಇಡೀ ಪ್ರೆಸ್ಸು ನೋಡುತ್ತಿರುವಾಗ ಭೂತಗನ್ನಡಿಯವರು ಹಲಗೆ ಒರೆಸಿ, ದುಂಡಗೆ ಒಂದು ಸೊನ್ನೆ ಬರೆದರು. ಒಂಬತ್ತು ವರ್ಷದ ಶ್ರಮ ಬಟ್ಟೆಯಲ್ಲಿ ಬಿಳಿ ಪುಡಿಯಾಗಿ ಬಂತು. ಅಳು ಬರುವಂತಾಯಿತು. ಟೀ ಲೋಟ ಹಿಡಿದು ಬಂದ ಮೇಸ್ತ್ರಿ ಸೊನ್ನೆಯನ್ನು ನೋಡಿ, ಸಮಾಧಾನ ಹೇಳಲು ಬಾರದೆ, “ಇನ್ನೂರ ಹನ್ನೊಂದು ಅಂದ್ರೆ ಏನು ಸಾರ್?” ಎಂದು ಕೇಳಿದ.

ಭೂತಗನ್ನಡಿಯವರು ಅವನನ್ನು ಕೂರಿಸಿಕೊಂಡು ಹೇಳಿದರು. ಅದರ ಹೆಸರೇನು, ಯಾಕೆ ಹಾಕುತ್ತಾರೆ, ಎಷ್ಟು ಹಾಕಬಹುದು, ಉಬ್ಬಸದ ಮಗು ಯಾವ ಯಾವ ನಂಬರಿನಿಂದ ದೂರವಿರಬೇಕು ಎಂದು ಹೆಂಡತಿ ಬರೆದುಕೊಟ್ಟ ಪಟ್ಟಿಯನ್ನೂ ಕೊಟ್ಟು, ಡಾಕ್ಟರಿಗೆ ಒಮ್ಮೆ ತೋರಿಸಲು ಹೇಳಿದರು. ಹಾಗೆ ಹೇಳುತ್ತಿರುವಾಗ ಸೊನ್ನೆ ಸ್ವಲ್ಪ ಸಣ್ಣದಾದಂತೆ ಅವರಿಗೆ ಅನ್ನಿಸಿತು.

ಸಂಜೆ ಬಸ್ ಇಳಿದವರು ಸೀದಾ ಮನೆಗೆ ಹೋಗಲಿಲ್ಲ. ಅಂಗಡಿಯಲ್ಲಿ ಒಂದು ಕಿತ್ತಳೆ ಶರಬತ್ತು ಕೇಳಿದರು. ಅಂಗಡಿಯವನು ಕಪಾಟಿನ ಹಿಂದುಗಡೆಯಿಂದ ತೆಗೆದು ಧೂಳು ಒರೆಸಿ ಕೊಟ್ಟ. ಅವರು ಭೂತಗನ್ನಡಿ ಹಿಡಿದು ಲೇಬಲ್ಲಿನ ಒಂದೊಂದು ಅಕ್ಷರವನ್ನೂ ಓದಿದರು. ಸಂರಕ್ಷಕ 211, ಇದೆ. ಸಲ್ಫೈಟ್ ಇಲ್ಲ. ಅಂತರ ಸರಿಯಿದೆ, ಚುಕ್ಕಿ ಸರಿಯಿದೆ, ತಾರೀಖು ಸ್ಪಷ್ಟವಾಗಿ ಅಚ್ಚಾಗಿದೆ. ಪರಮ ತೃಪ್ತಿಯಿಂದ ತಂದು ಅಮ್ಮನ ಕೈಗೆ ಕೊಟ್ಟು, “ತಗೋ ಅಮ್ಮ, ನಾನೇ ಓದಿ ತಂದಿದೀನಿ, ನಾಳೆ ನಾಲ್ಕು ಗಂಟೆಗೆ ತಪ್ಪದೆ ಕುಡಿ” ಎಂದರು.

ಅಮ್ಮನ ಮುಖ ಅರಳಿತು. ಬಾಟಲಿಯನ್ನು ಕೈ ನೀಡಿದಷ್ಟು ದೂರ ಹಿಡಿದು ನಿಧಾನವಾಗಿ ಓದಿದರು. ಅರಳಿದ ಮುಖ ಹಾಗೇ ಮುದುಡಿತು.

“ಲೋ, ಇದರ ಅವಧಿ ಮುಗಿದು ಎರಡು ತಿಂಗಳಾಯ್ತಲ್ಲೋ.”

ಹೆಂಡತಿ ಬಗ್ಗಿ ನೋಡಿದಳು. “ಹೌದು ಅತ್ತೆ. ಆದ್ರೆ ತಾರೀಖು ಮಾತ್ರ ಎಷ್ಟು ಚೆನ್ನಾಗಿ ಅಚ್ಚಾಗಿದೆ ನೋಡಿ.”

“ಈ ತಪ್ಪು ಪ್ರೆಸ್ಸಿನ ಹಲಗೆ ಲೆಕ್ಕಕ್ಕೆ ಬರಲ್ಲ, ಇದು ಮನೆ” ಎಂದು ಭೂತಗನ್ನಡಿಯವರು ಗೊಣಗಿ, ಬಾಟಲಿ ಬದಲಾಯಿಸಲು ಮತ್ತೆ ಚಪ್ಪಲಿ ಮೆಟ್ಟಿದರು. ಅವರು ವಾಪಸ್ ಬರುವ ಹೊತ್ತಿಗೆ ಫ್ರಿಜ್ಜಿನ ಬಾಗಿಲಿಗೆ ಹಳೇ ಕ್ಯಾಲೆಂಡರಿನ ಒಂದು ಹಾಳೆಯನ್ನು ತಿರುಗಿಸಿ ಅಂಟಿಸಿತ್ತು. ಅದರ ಮೇಲೆ ಅಮ್ಮನ ನಡುಗುವ ಕೈಬರಹದಲ್ಲಿ ‘ತಪ್ಪಿಲ್ಲದ ದಿನಗಳು’ ಎಂದಿತ್ತು, ಕೆಳಗೆ ಒಂದು ಸೊನ್ನೆ. ಭೂತಗನ್ನಡಿಯವರು ಅದನ್ನು ಹತ್ತಿರದಿಂದ ಓದಿದರು. ಒಂದು ತಪ್ಪೂ ಸಿಗಲಿಲ್ಲ.